ಏಳು ಸೆಕೆಂಡಿನ ಚೀಟಿ: ಮತಯಂತ್ರದ ಒಂದು ವಿಮರ್ಶೆ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸುವ ವಿದ್ಯುನ್ಮಾನ ಮತಯಂತ್ರವನ್ನು ಸಾಮಾನ್ಯ ಮತದಾರರ ದೃಷ್ಟಿಯಿಂದ ಅಳೆಯುವುದಾದರೆ, ಬಳಕೆಯ ಸರಳತೆಗೆ ಪೂರ್ಣ ಅಂಕ ಕೊಡಲೇಬೇಕು. ಚಿಹ್ನೆಯ ಪಕ್ಕದ ನೀಲಿ ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತಿಕೊಂಡು ಬೀಪ್ ಸದ್ದಾಗುತ್ತದೆ. ಬ್ರೈಲ್ ಅಂಕಿಗಳಿರುವುದರಿಂದ ಅಂಧರೂ ಪರರ ನೆರವಿಲ್ಲದೆ ಮತ ಹಾಕಬಹುದು. ಮತಪತ್ರದಲ್ಲಿ ಮುದ್ರೆ ಎರಡು ಚಿಹ್ನೆಗಳ ನಡುವೆ ಬಿದ್ದು ಮತವೇ ತಿರಸ್ಕೃತವಾಗುವ ಸಂಕಟವಂತೂ ಇಲ್ಲಿಲ್ಲ.

ನನ್ನ ಅಸಮಾಧಾನವಿರುವುದು ವಿವಿಪ್ಯಾಟ್, ಅಂದರೆ ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರದ ವಿಷಯದಲ್ಲಿ. ಗಾಜಿನ ಕಿಂಡಿಯೊಳಗೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳಿರುವ ಚೀಟಿ ಏಳು ಸೆಕೆಂಡು ಕಾಣಿಸಿ, ಕತ್ತರಿಸಿಕೊಂಡು ಪೆಟ್ಟಿಗೆಗೆ ಬೀಳುತ್ತದೆ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡುವ ಹಿರಿಯರಿಗೆ ಈ ಅವಧಿ ಸಾಲದು. ಅದಕ್ಕಿಂತ ಮುಖ್ಯವಾಗಿ, 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನಷ್ಟೇ ಎಣಿಸಿ ತಾಳೆ ನೋಡಲಾಗುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು, ಮತಪತ್ರಕ್ಕೆ ಮರಳಬೇಕೆಂಬ ಮನವಿಯನ್ನು ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಎಣಿಕೆಯನ್ನು ಪರಿಶೀಲಿಸುವಂತಿರಬೇಕೆಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಹಾಗೆಂದು ಹಳೆಯ ಮತಪೆಟ್ಟಿಗೆಗೆ ಮರಳುವುದು ನನಗೆ ಬೇಡ. ಮತಗಟ್ಟೆ ವಶಪಡಿಸಿಕೊಂಡು ಕಂತೆಗಟ್ಟಲೆ ಮುದ್ರೆ ಒತ್ತಿದ ಕಾಲವನ್ನು ಈ ದೇಶ ಕಂಡಿದೆ, ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ಸ್ವೀಕರಿಸದ ಯಂತ್ರ ಅದಕ್ಕೆ ತಡೆಯಾಗಿದೆ. ಮುದ್ರಿತ ಚೀಟಿ ಹೇಗೂ ಪೆಟ್ಟಿಗೆಯಲ್ಲಿರುವಾಗ, ಫಲಿತಾಂಶ ಒಂದು ದಿನ ತಡವಾದರೂ ಚಿಂತೆಯಿಲ್ಲ, ಅವೆಲ್ಲವನ್ನೂ ಎಣಿಸಲಿ.