ಚೇಂಬರ್ಸ್ ಡಿಕ್ಷನರಿ: ಕ್ರಿಪ್ಟಿಕ್ ಕ್ರಾಸ್‌ವರ್ಡ್ ಬಿಡಿಸುವವರಿಗೆ ಇದೇ ಆಗಬೇಕು

ಇಂಗ್ಲಿಷ್ ಕ್ರಿಪ್ಟಿಕ್ ಕ್ರಾಸ್‌ವರ್ಡ್, ಅಂದರೆ ಕ್ಲೂನಲ್ಲೇ (ಸುಳಿವಿನಲ್ಲೇ) ಪದದಾಟ ಅಡಗಿಸಿಟ್ಟ ಪದಬಂಧ, ಬಿಡಿಸಲು ಯಾವ ಡಿಕ್ಷನರಿ ತಗೊಳ್ಳಬೇಕು ಅಂತ ಯಾರು ಕೇಳಿದರೂ ನಾನು ಹೇಳುವುದು ಚೇಂಬರ್ಸ್ ಅಂತಲೇ. ನನ್ನ ಹತ್ತಿರ ಇರುವುದು 2003ರ ಒಂಬತ್ತನೇ ಆವೃತ್ತಿ, ಮಂಗಳೂರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಸಿಕ್ಕಿದ್ದು. ವರ್ಷಗಳಿಂದ ಬೆಳಗ್ಗೆ ‘ದಿ ಹಿಂದೂ’ ಪತ್ರಿಕೆಯ ಕ್ರಾಸ್‌ವರ್ಡ್ ಹಿಡಿದು ಕೂತರೆ ಪಕ್ಕದಲ್ಲಿ ಈ ದಪ್ಪ ಕೆಂಪು ಪುಸ್ತಕ ಇರಲೇಬೇಕು.

ಬರೀ ಉತ್ತರ ಹುಡುಕಲು ಇದು ಬೇಕಾಗಿಲ್ಲ. ಸಿಕ್ಕಿರುವ ಅಕ್ಷರಗಳನ್ನು ಹಾಕಿದರೆ ಸರಿಹೊಂದುವ ಪದಗಳನ್ನೆಲ್ಲ ಪಟ್ಟಿ ಮಾಡಿ ಕೊಡುವ ಸೈಟ್‌ಗಳು ಬೇಕಾದಷ್ಟಿವೆ. ಚೇಂಬರ್ಸ್ ಬೇಕಾಗುವುದು ಉತ್ತರ ಸಿಕ್ಕ ಮೇಲೆ. ಅದೇ ಉತ್ತರ ಯಾಕೆ ಅಂತ ಗೊತ್ತಾಗಬೇಕು, ಅಲ್ವಾ?

ಒಂದು ಕ್ಲೂ ನೋಡಿ. ‘ಓಲ್ಡ್ ಮ್ಯಾನ್ಸ್ ಟಿಯರ್ ಫಾರ್ ಮದರ್, ಸೇ’. ಆರು ಅಕ್ಷರ. ಓದಿದ ಕೂಡಲೇ ತಾಯಿಯನ್ನು ನೆನೆದು ಅಳುವ ಮುದುಕನೊಬ್ಬ ಕಣ್ಣ ಮುಂದೆ ಬರುತ್ತಾನೆ. ಸೆಟ್ಟರ್‌ಗೆ, ಅಂದರೆ ಕ್ರಾಸ್‌ವರ್ಡ್ ಮಾಡುವವರಿಗೆ, ಬೇಕಾದದ್ದೂ ಅದೇ. ಅತ್ತಿತ್ತಲಿನ ಅಕ್ಷರ ಕೂಡಿಸಿದರೆ ‘ಪೇರೆಂಟ್’ ಅಂತ ಹೊಳೆಯುತ್ತದೆ. ಉಡುಪಿಯಲ್ಲಿರುವ ನನ್ನ ಭಾವನಿಗೆ ಅಷ್ಟಾದರೆ ಸಾಕು. ‘ಉತ್ತರ ಕೂತಿತಲ್ಲ ಮಾರಾಯ, ಇನ್ನೆಂತ ನೋಡ್ಲಿಕ್ಕುಂಟು?’ ಅನ್ನುತ್ತಾರೆ.

ನೋಡಲು ತುಂಬ ಉಂಟು. ಕೊನೆಯ ‘ಮದರ್, ಸೇ’ ಅನ್ನುವುದು ಅರ್ಥದ ಭಾಗ: ಉದಾಹರಣೆಗೆ ತಾಯಿ, ಅಂದರೆ ಪೇರೆಂಟ್. ‘ಓಲ್ಡ್ ಮ್ಯಾನ್’ ಅಂದರೆ ಅಪ್ಪ, ಅಲ್ಲಿಗೆ ಪಿ-ಎ ಬಂತು. ಉಳಿದದ್ದು ಆರ್-ಇ-ಎನ್-ಟಿ. ರೆಂಟ್ ಅಂದರೆ ಬಾಡಿಗೆ. ಕಣ್ಣೀರಿಗೂ ಬಾಡಿಗೆಗೂ ಎಂಥ ಸಂಬಂಧ? ಚೇಂಬರ್ಸ್ ತೆಗೆದರೆ ‘ರೆಂಟ್’ ಎರಡು ಬೇರೆ ಬೇರೆ ಪದಗಳಾಗಿ ಕೂತಿದೆ. ಒಂದು ಬಾಡಿಗೆ. ಇನ್ನೊಂದು ಹರಿದ ಜಾಗ, ಬಿರುಕು. ಹಾಗಾದರೆ ಕ್ಲೂನಲ್ಲಿರುವ ಟಿ-ಇ-ಎ-ಆರ್ ಕಣ್ಣೀರೇ ಅಲ್ಲ, ಬಟ್ಟೆ ಹರಿಯುವ ‘ಟೇರ್’! ಒಂದು ಪದವೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ನನಗೆ ಕ್ರಾಸ್‌ವರ್ಡ್‌ನ ನಿಜವಾದ ರುಚಿ ಇಲ್ಲೇ ಸಿಗುವುದು.

ಕ್ಲೂನ ಒಂದು ತುದಿಯಲ್ಲಿ ಸರಿಯಾದ ಅರ್ಥ, ಉಳಿದ ಭಾಗದಲ್ಲಿ ಪದ ಕಟ್ಟುವ ದಾರಿ, ಬೇರೇನೂ ಇರಬಾರದು. ಈ ಶಿಸ್ತಿಗೆ ಪಟ್ಟು ಹಿಡಿದವರು ಇಂಗ್ಲೆಂಡಿನ ‘ಅಬ್ಸರ್ವರ್’ ಪತ್ರಿಕೆಗೆ ಕ್ಸಿಮೆನೀಸ್ ಅನ್ನುವ ಹೆಸರಿನಲ್ಲಿ ಕ್ರಾಸ್‌ವರ್ಡ್ ಮಾಡುತ್ತಿದ್ದ ಡಿ. ಎಸ್. ಮ್ಯಾಕ್‌ನಟ್. ಅವರ ನಂತರ 1972ರಲ್ಲಿ ಅದೇ ಪತ್ರಿಕೆಗೆ ಅಜೆಡ್ ಅನ್ನುವ ಹೆಸರಿನ ಸೆಟ್ಟರ್ ಬಂದರು. ಅಜೆಡ್ ಪಝಲ್‌ಗಳಿಗೆ ಚೇಂಬರ್ಸೇ ಆಧಾರ. ಸೆಟ್ಟರ್‌ಗೂ ಬಿಡಿಸುವವರಿಗೂ ನಡುವೆ ಇಬ್ಬರೂ ಒಪ್ಪಿದ ಅಂಪೈರ್ ಇದ್ದ ಹಾಗೆ ಈ ಪುಸ್ತಕ.

ನಾನು ಅತಿ ಹೆಚ್ಚು ತಿರುವಿದ್ದು ಒಂದೊಂದು ಅಕ್ಷರದ ಆರಂಭದ ಪುಟಗಳನ್ನು. ಬರೀ ‘ಕೆ’ ಅಂದರೆ ಏನೇನು ಅಂತ ಅಲ್ಲಿ ಸಿಗುತ್ತದೆ: ಕೆಲ್ವಿನ್, ರಾಜ, ಸಾವಿರ. ‘ಎನ್’ ಅಂದರೆ ಚೆಸ್‌ನ ಕುದುರೆ. ಕ್ರಿಪ್ಟಿಕ್‌ನಲ್ಲಿ ಅರ್ಧ ಕೆಲಸ ಈ ಒಂಟಿ ಅಕ್ಷರಗಳದ್ದೇ. 1901ರಲ್ಲಿ ಮೊದಲು ಬಂದ ಈ ಡಿಕ್ಷನರಿಯ ಊರು ಸ್ಕಾಟ್ಲೆಂಡಿನ ಎಡಿನ್‌ಬರೋ. ಹಾಗಾಗಿ ಸ್ಕಾಟಿಷ್ ಪದಗಳೂ ಧಾರಾಳ. ಅಲ್ಲಿನವರಿಗೆ ಕಣ್ಣು ಅಂದರೆ ಇ-ಇ. ಇಂಥದ್ದೆಲ್ಲ ಸಣ್ಣ ಡಿಕ್ಷನರಿಯಲ್ಲಿ ಸಿಗುವುದಿಲ್ಲ.

ನಮ್ಮ ಕಡೆಯ ಪದಗಳೂ ಇದರೊಳಗೆ ಉಂಟು. ಕೊಬ್ಬರಿಯ ಕೋಪ್ರಾ, ತೆಂಗಿನ ನಾರಿನ ಕಾಯರ್, ಅಡಿಕೆಯ ಅರೆಕಾ. ‘ಶೇರ್ ಕ್ಯಾಬ್ ವಿತ್ ಪಾಮ್ ಇನ್‌ಸೈಡ್’, ಐದಕ್ಷರ ಅಂತ ಕೇಳಿದರೆ ಹೊಸಬರೂ ಬಿಡಿಸಬಹುದು. ಎಸ್-ಎಚ್-ಎ-ಆರ್-ಇ, ಸಿ-ಎ-ಬಿ ಅಂತ ಸಾಲಾಗಿ ಬರೆಯಿರಿ. ಮೊದಲಿನ ಎರಡು ಅಕ್ಷರ, ಕೊನೆಯ ಒಂದು ಬಿಡಿ. ಒಳಗೆ ನಮ್ಮ ಅಡಿಕೆ ಮರ ನಿಂತಿದೆ. ಹೊಸಬರಿಗೆ ಕಲಿಸುವಾಗ ನಾನು ಶುರು ಮಾಡುವುದೇ ಇಂಥದ್ದರಿಂದ.

ಕೊರತೆ ಇಲ್ಲವೇ? ಇದೆ. ಒಂದು ಪದದಿಂದ ಹುಟ್ಟಿದ ಪದಗಳೆಲ್ಲ ಮೂಲ ಪದದ ಕೆಳಗೆ ಒಟ್ಟಿಗೆ ಇರುತ್ತವೆ, ಅಭ್ಯಾಸ ಆಗುವವರೆಗೆ ಹುಡುಕುವುದು ಕಷ್ಟ. ಅಕ್ಷರ ಸಣ್ಣದು. ವಾಕ್ಯದಲ್ಲಿ ಬಳಸಿ ತೋರಿಸುವುದು ಕಡಿಮೆ, ಆದ್ದರಿಂದ ಶಾಲೆಗೆ ಹೋಗುವ ಮಕ್ಕಳಿಗೆ ಬೇರೆಯದೇ ಕೊಡಿಸಿ. ಕ್ರಾಸ್‌ವರ್ಡ್‌ನವರ ಒಳಗಿನ ಮಾತು ಕೆಲವು ಉಂಟು, ಅದು ಬಿಡಿಸುತ್ತಾ ಬಿಡಿಸುತ್ತಾ ಬರಬೇಕು. ‘ಫ್ಲವರ್’ ಅಂದರೆ ಹೂವಲ್ಲ, ‘ಫ್ಲೋ’ ಆಗುವಂಥದ್ದು, ಹರಿಯುವಂಥದ್ದು, ನದಿ. ಆ ಲೆಕ್ಕದಲ್ಲಿ ನಮ್ಮ ನೇತ್ರಾವತಿಯೂ ಫ್ಲವರೇ.

ಇನ್ನು ಮಳೆಗಾಲ. ಕರಾವಳಿಯ ತೇವಕ್ಕೆ ತೆಳು ಕಾಗದ ಬೇಗ ಸುಕ್ಕಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಜೂನ್ ಬಂತು ಅಂದರೆ ನಾನು ಇದನ್ನು ಗೋಡೆಗೆ ತಾಗಿಸಿ ಇಡುವುದಿಲ್ಲ. ದಿನಾ ತೆರೆಯುವುದೇ ದೊಡ್ಡ ಉಪಕಾರ, ಪುಟಗಳಿಗೆ ಗಾಳಿಯಾಡುತ್ತದೆ. ಭಾರದ ಪುಸ್ತಕ, ನಿಲ್ಲಿಸಿದರೆ ಬೆನ್ನು ಜಗ್ಗುತ್ತದೆ. ಮಲಗಿಸಿಯೇ ಇಡಿ.

2014ರಲ್ಲಿ ಹದಿಮೂರನೇ ಆವೃತ್ತಿ ಬಂತು. ಹೊಸದಕ್ಕೆ ಸಾವಿರಗಟ್ಟಲೆ ಹೋಗುತ್ತದೆ. ದಿನಪತ್ರಿಕೆಯ ಕ್ರಾಸ್‌ವರ್ಡ್‌ಗೆ ಹಳೆಯದು ಧಾರಾಳ ಸಾಕು. ಹಳೆಯದನ್ನು ಕೊಳ್ಳುವಾಗ ಅಂಗಡಿಯಲ್ಲೇ ಎ ಮತ್ತು ಝಡ್‌ನ ಪುಟಗಳನ್ನು ಬಿಡಿಸಿ ನೋಡಿ. ಕಿತ್ತುಹೋಗುವುದು ಮೊದಲು ಆ ಎರಡು ತುದಿಗಳೇ.