ಮಾಲಿ ಡ್ರೈವರ್ ಮಾತು ಕದ್ದು ಕೇಳೋಕೆ ಎಸ್‌ಟ್ರೇಸ್, ಕರ್ನಲ್ ತಿದ್ದುಪಡಿ, ಪ್ರೀಲೋಡ್: ಮೂರನ್ನೂ ಹಾಕಿ ನೋಡಿದೆ

ಗ್ರಾಫಿಕ್ಸ್ ಚಿಪ್‌ನ (ಜಿಪಿಯು) ಮುಚ್ಚಿದ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಏನು ಮಾತಾಡುತ್ತದೆ ಅಂತ ಕದ್ದು ಕೇಳೋಕೆ ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಲ್‌ಡಿ ಪ್ರೀಲೋಡ್‌ಗೆ, ಅಂದರೆ ಪ್ರೋಗ್ರಾಂ ಶುರುವಾಗುವಾಗ ನಮ್ಮ ಲೈಬ್ರರಿಯನ್ನು ಮೊದಲು ಲೋಡ್ ಮಾಡಿಸುವ ಉಪಾಯಕ್ಕೆ. ಅದು ನನ್ನನ್ನ ಎರಡು ವಾರ ಸತಾಯಿಸಿದ ಮೇಲೂ.

ಕಳೆದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಕೆ3399 ಚಿಪ್ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡೆ. ಒಳಗಿರುವ ಜಿಪಿಯು ಮಾಲಿ ಟಿ860. ಇದನ್ನು ರೂಪಿಸಿದ ಆರ್ಮ್ ಕಂಪನಿ ಇದರ ಡ್ರೈವರ್‌ನ ಕರ್ನಲ್ ಭಾಗದ ಕೋಡನ್ನು ಜಿಪಿಎಲ್ (ಮುಕ್ತ ತಂತ್ರಾಂಶ ಪರವಾನಗಿ) ಅಡಿ ಕೊಟ್ಟಿದೆ, ಪ್ರೋಗ್ರಾಂಗಳು ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್ ಲೈಬ್ರರಿ ಮಾತ್ರ ಮುಚ್ಚಿದ ಡಬ್ಬಿ. ಆ ಡಬ್ಬಿ ಕರ್ನಲ್‌ಗೆ ಏನು ಹೇಳುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು, ಅಷ್ಟೇ ಕೆಲಸ. ಮಾಲಿಗೆ ಮುಕ್ತ ಡ್ರೈವರ್ ಬರೆದ ಪ್ಯಾನ್‌ಫ್ರಾಸ್ಟ್‌ನವರು ಇದನ್ನೆಲ್ಲ ಯಾವತ್ತೋ ಮುಗಿಸಿದ್ದಾರೆ, 2019ರಲ್ಲಿ ಲಿನಕ್ಸ್ 5.2ಕ್ಕೆ ಅವರ ಡ್ರೈವರ್ ಸೇರಿಯೂ ಆಯಿತು. ನನಗೆ ಅದೇ ಅನುಕೂಲ. ಪುಸ್ತಕದ ಹಿಂದೆ ಉತ್ತರ ಇರುವ ಲೆಕ್ಕ ಇದು, ತಪ್ಪಿದರೆ ತಿರುವಿ ನೋಡಬಹುದು.

ಎಸ್‌ಟ್ರೇಸ್ ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು (ಸಿಸ್ಟಮ್ ಕಾಲ್) ತೋರಿಸುವ ಸಾಧನ. ಅದಕ್ಕೆ ಹೊಸದಾಗಿ ಏನೂ ಬರೆಯಬೇಕಿಲ್ಲ, ಒಂದು ಕಮಾಂಡ್ ಸಾಕು. ಆದರೆ ಅದು ತೋರಿಸುವುದು ಐಆಕ್ಟಲ್ (ಡ್ರೈವರ್‌ಗೆ ಆದೇಶ ಕೊಡುವ ಸಿಸ್ಟಮ್ ಕಾಲ್) ನಂಬರ್ ಮತ್ತು ಒಂದು ವಿಳಾಸ, ಅಷ್ಟೇ. ಜಿಪಿಯುಗೆ ಕೆಲಸ (ಜಾಬ್) ಒಪ್ಪಿಸುವ ಜಾಬ್ ಸಬ್ಮಿಟ್ ಅನ್ನೋ ಐಆಕ್ಟಲ್‌ನಲ್ಲಿ ಹೋಗುವುದೇ 16 ಬೈಟ್. ನಿಜವಾದ ಕಮಾಂಡ್‌ಗಳೆಲ್ಲ ಮ್ಯಾಪ್ ಆದ (ಪ್ರೋಗ್ರಾಂಗೂ ಜಿಪಿಯುಗೂ ಕಾಣುವ) ಮೆಮೊರಿಯಲ್ಲಿ ಕೂತಿರುತ್ತವೆ, ಲೈಬ್ರರಿ ಅಲ್ಲಿಗೆ ನೇರವಾಗಿ ಬರೆಯುತ್ತದೆ, ಸಿಸ್ಟಮ್ ಕಾಲ್ ಆಗುವುದೇ ಇಲ್ಲ. ಹಾಗಾಗಿ ಎಸ್‌ಟ್ರೇಸ್ ಕಣ್ಣಿಗೆ ಬೀಳುವುದೂ ಇಲ್ಲ.

ಕರ್ನಲ್ ಡ್ರೈವರ್ ತಿದ್ದಿ ಅಲ್ಲೇ ಲಾಗ್ ಮಾಡಬಹುದು. ಯಾವ ಪ್ರೋಗ್ರಾಂ ಕೂಡ ತಪ್ಪಿಸಿಕೊಳ್ಳಲ್ಲ, ಅದು ದೊಡ್ಡ ಲಾಭ. ಆದರೆ ನನಗೆ ಸಿಗುವುದು ರಾತ್ರಿ ಊಟ ಆದ ಮೇಲಿನ ಒಂದು ಗಂಟೆ. ಒಂದು ಪಾಯಿಂಟರ್ ತಪ್ಪಿದರೆ ಇಡೀ ಬೋರ್ಡ್ ಮಲಗುತ್ತದೆ, ಸೀರಿಯಲ್ ಕೇಬಲ್ ಹುಡುಕು, ಮತ್ತೆ ಬಿಲ್ಡ್ ಮಾಡು, ಅಷ್ಟರಲ್ಲಿ ಹನ್ನೊಂದೂವರೆ. ಮೂರು ದಿನ ಮಾಡಿ ಕೈಬಿಟ್ಟೆ.

ಡ್ರೈವರ್ ಹಾರ್ಡ್‌ವೇರ್ ರಿಜಿಸ್ಟರ್‌ಗಳನ್ನು ಮುಟ್ಟುವುದನ್ನು ಬರೆದಿಡುವ ಎಂಎಂಐಓಟ್ರೇಸ್? ಎಕ್ಸ್86ಗೆ (ಇಂಟೆಲ್, ಎಎಮ್‌ಡಿ ಪಿಸಿಗಳ ಪ್ರೊಸೆಸರ್) ಮಾತ್ರ, ನನ್ನ ಬೋರ್ಡಿಗೆ ಬರಲ್ಲ. ಎನ್ವಿಡಿಯಾ ಜಿಪಿಯುಗಳಿಗೆ ಮುಕ್ತ ಡ್ರೈವರ್ ಬರೆಯುವ ನೂವೋ ತಂಡದವರಿಗೆ ಅದು ಬಹಳ ಉಪಯೋಗಕ್ಕೆ ಬಂದಿದೆ. ಹಳೆ ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಒಮ್ಮೆ ಹಾಕಿ ನೋಡಿದೆ, ಒಂದು ಸಿಪಿಯು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಫ್ ಮಾಡಿಬಿಡುತ್ತದೆ.

ಇನ್ನು ಪ್ರೀಲೋಡ್. ಐಆಕ್ಟಲ್ ಅನ್ನೋ ಹೆಸರಲ್ಲಿ ನಮ್ಮದೇ ಒಂದು ಫಂಕ್ಷನ್ ಬರೆದು ಪುಟ್ಟ ಲೈಬ್ರರಿ ಮಾಡಿ ಮೊದಲು ಲೋಡ್ ಆಗುವಂತೆ ಮಾಡಿದರೆ, ಪ್ರೋಗ್ರಾಂ ನಮ್ಮದನ್ನೇ ಕರೆಯುತ್ತದೆ. ನಾವು ಬರೆದಿಟ್ಟುಕೊಂಡು ಅಸಲಿಗೆ ದಾಟಿಸುತ್ತೇವೆ. ಅದೇ ಪ್ರೋಸೆಸ್ ಒಳಗೇ ಇರುವುದರಿಂದ ಮೆಮೊರಿ ಪೂರ್ತಿ ಓದಬಹುದು. ತಪ್ಪಾದರೆ ಸಾಯುವುದು ಟೆಸ್ಟ್ ಪ್ರೋಗ್ರಾಂ ಮಾತ್ರ.

ಮೊದಲ ದಿನವೇ ಲಾಗ್ ಬಂತು. ಆದರೆ ಮೆಮೊರಿ ಕೇಳಿದಾಗಲೆಲ್ಲ ಕರ್ನಲ್ ಕೊಡುತ್ತಿದ್ದ ಜಿಪಿಯು ವಿಳಾಸ ಒಂದೇ, ಹೆಕ್ಸ್‌ನಲ್ಲಿ 41000. ಪ್ರತಿ ಸಲವೂ! ಜಾಬ್ ಒಳಗಿನ ಪಾಯಿಂಟರ್ ನೋಡಿದರೆ ಯಾವುದೋ ಉದ್ದನೆಯ ವಿಳಾಸ, ಎರಡಕ್ಕೂ ತಾಳೆಯೇ ಇಲ್ಲ. ಹೆಡರ್ ಫೈಲ್ ಬೇರೆ ಆವೃತ್ತಿಯದ್ದಿರಬೇಕು ಅಂದುಕೊಂಡು ಸ್ಟ್ರಕ್ಟ್‌ಗಳನ್ನೆಲ್ಲ ಒಂದೊಂದೇ ಬೈಟ್ ಎಣಿಸಿದೆ. ಎರಡು ವಾರ ಇದರಲ್ಲೇ ಹೋಯಿತು.

ವಿಷಯ ಏನಂದರೆ, 64 ಬಿಟ್ ಪ್ರೋಗ್ರಾಂಗೆ ಆ 41000 ವಿಳಾಸವೇ ಅಲ್ಲ, ಟೋಕನ್. ದರ್ಶಿನಿಯಲ್ಲಿ ಟೋಕನ್ ತಗೊಂಡು ಪಕ್ಕದ ಕೌಂಟರ್‌ನಲ್ಲಿ ಕೊಟ್ಟರೆ ತಾನೆ ದೋಸೆ? ಇಲ್ಲೂ ಹಾಗೇ, ಆ ನಂಬರನ್ನು ಎಂಮ್ಯಾಪ್‌ಗೆ (ಮೆಮೊರಿ ಮ್ಯಾಪ್ ಮಾಡಿಕೊಡುವ ಫಂಕ್ಷನ್) ಆಫ್‌ಸೆಟ್ ಆಗಿ ಕೊಡಬೇಕು, ಆಗ ಸಿಗುವುದೇ ಅಸಲಿ ವಿಳಾಸ, ಸಿಪಿಯುಗೂ ಜಿಪಿಯುಗೂ ಒಂದೇ. ಟೋಕನ್ ವಾಪಸ್ ಬಂದ ಮೇಲೆ ಮುಂದಿನವರಿಗೆ ಮತ್ತೆ ಅದನ್ನೇ ಕೊಡುತ್ತಾರೆ, ಅಷ್ಟೇ ಗುಟ್ಟು.

ಆದರೆ ನಾನು ಎಂಮ್ಯಾಪ್ ಕೂಡ ಹಿಡಿದಿದ್ದೆನಲ್ಲ! ಒಂದು ಸಾಲೂ ಬಂದಿರಲಿಲ್ಲ. ಲೈಬ್ರರಿ ಕರೆಯುವ ಹೆಸರುಗಳ ಪಟ್ಟಿ ತೆಗೆದು ನೋಡಿದರೆ ಅಲ್ಲಿರುವುದು ಎಂಮ್ಯಾಪ್64. ಎರಡರ ಕೆಲಸವೂ ಇಲ್ಲಿ ಒಂದೇ, ಆದರೆ ಪ್ರೀಲೋಡ್ ನೋಡುವುದು ಹೆಸರನ್ನು ಮಾತ್ರ. ನಾಲ್ಕು ಸಾಲು ಸೇರಿಸಿದೆ, ಎಲ್ಲ ತಾಳೆಯಾಯಿತು. ನನ್ನದೇ ತಪ್ಪು, ಯಾರನ್ನು ಬೈಯಲಿ.

ಆಮೇಲಿನದು ಬರೀ ಖುಷಿ. ಪರದೆ ಕೆಂಪಾಗಿ ಅಳಿಸುವ ಪ್ರೋಗ್ರಾಂ ಒಂದು, ಹಸಿರಾಗಿ ಅಳಿಸುವುದು ಇನ್ನೊಂದು. ಜಾಬ್ ಕರ್ನಲ್‌ಗೆ ಹೋಗುವ ಮೊದಲೇ ಮೆಮೊರಿಯನ್ನೆಲ್ಲ ಫೈಲ್‌ಗೆ ಸುರಿಸಿಕೊಂಡೆ, ಯಾಕಂದರೆ ಕೆಲಸ ಮುಗಿದ ಮೇಲೆ ಜಿಪಿಯು ಅಲ್ಲೇ ತನ್ನ ಸ್ಟೇಟಸ್ ಬರೆದುಬಿಡುತ್ತದೆ. ಎರಡು ಫೈಲ್‌ಗಳನ್ನು ಡಿಫ್ ಮಾಡಿದರೆ (ಹೋಲಿಸಿದರೆ) ಫ್ರೇಮ್‌ಬಫರ್ ಡಿಸ್ಕ್ರಿಪ್ಟರ್‌ನಲ್ಲಿ (ಚಿತ್ರ ಎಲ್ಲಿ, ಹೇಗೆ ಬರೆಯಬೇಕು ಅನ್ನುವ ವಿವರ) ಬಣ್ಣದ ಅದೇ ಮೌಲ್ಯ ಸಾಲಾಗಿ ನಾಲ್ಕು ಸಲ. ಪ್ಯಾನ್‌ಫ್ರಾಸ್ಟ್‌ನ ಓಪನ್‌ಜಿಎಲ್ ಭಾಗ ಇರುವ ಮೆಸಾ ಕೋಡ್ ತಿರುವಿ ನೋಡಿದೆ, ಉತ್ತರ ಸರಿ.

ಪ್ರೀಲೋಡ್‌ಗೂ ಮಿತಿ ಇದೆ. ಸ್ಟ್ಯಾಟಿಕ್ ಆಗಿ ಲಿಂಕ್ ಆದ (ಲೈಬ್ರರಿಗಳನ್ನು ತನ್ನೊಳಗೇ ಸೇರಿಸಿಕೊಂಡ) ಪ್ರೋಗ್ರಾಂ ಕೈಗೆ ಸಿಗಲ್ಲ. ಹೊಸ ಚಿಪ್ ಆರ್‌ಕೆ3588ರ ಮಾಲಿ ಜಿ610ನಲ್ಲಂತೂ ಜಾಬ್ ಸಬ್ಮಿಟ್ ಐಆಕ್ಟಲ್ಲೇ ಇಲ್ಲ, ಕ್ಯೂಗೆ ಬರೆದು ಮ್ಯಾಪ್ ಆದ ಪೇಜಿನಲ್ಲಿ ಡೋರ್‌ಬೆಲ್ ಒತ್ತುತ್ತಾರೆ (ಕೆಲಸ ಬಂದಿದೆ ಅಂತ ಜಿಪಿಯುಗೆ ತಿಳಿಸುವ ಬರಹ), ಹೆಚ್ಚಿನ ಸಲ ಹಿಡಿಯೋಕೆ ಫಂಕ್ಷನ್ನೇ ಇರಲ್ಲ. ಆ ಬೋರ್ಡಿನ ಬೆಲೆ ನೋಡಿದ್ದೇನೆ, ಸದ್ಯಕ್ಕೆ ಟಿ860ಯೇ ಇರಲಿ.