ಲೇಸಿಕ್‌ಗೆ ದಿನ ಗೊತ್ತುಮಾಡುವ ಮೊದಲು ನಿಮ್ಮ ಕಾರ್ನಿಯಾದ ವರದಿಯನ್ನು ಕೇಳಿ ಪಡೆಯಿರಿ

ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಿರುವವರು, ಅದರಲ್ಲೂ ಮದುವೆ ಹತ್ತಿರ ಬಂತೆಂದು ಅವಸರದಲ್ಲಿರುವ ಹೆಣ್ಣುಮಕ್ಕಳು ಮತ್ತು ಅವರ ತಂದೆತಾಯಿಯರು, ಮುಂಗಡ ಕಟ್ಟುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ತಂಗಿಗೆ ಬೆಂಗಳೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಲೇಸಿಕ್ ಆಯಿತು. ಈಗ ಅವಳ ಬಲಗಣ್ಣಿನ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಬಲ ಕಳೆದುಕೊಂಡು ಮುಂದಕ್ಕೆ ಉಬ್ಬಿದೆ. ಕನ್ನಡಕ ಹಾಕಿದರೂ ಆ ಕಣ್ಣಿಗೆ ಅಕ್ಷರಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಇದನ್ನು ವೈದ್ಯರು ಎಕ್ಟೇಸಿಯಾ ಎನ್ನುತ್ತಾರೆ. ಇದು ಅಪರೂಪದ ತೊಡಕು ಎಂಬುದು ನಿಜ. ಆದರೆ ನನ್ನ ತಂಗಿಯ ವಿಷಯದಲ್ಲಿ ಇದರ ಸೂಚನೆಗಳು ಶಸ್ತ್ರಚಿಕಿತ್ಸೆಗೆ ಮೊದಲೇ ತೆಗೆದ ವರದಿಯಲ್ಲಿ ಅಚ್ಚಾಗಿದ್ದವು, ಮತ್ತು ಆ ವರದಿಯನ್ನು ನಮಗೆ ಯಾರೂ ತೋರಿಸಲಿಲ್ಲ.

ಆಗ ಅವಳಿಗೆ 24 ವರ್ಷ. ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಮೈನಸ್ 7 ಪವರ್ ಇತ್ತು. ನಿಶ್ಚಿತಾರ್ಥವಾಗಿತ್ತು. ಹುಡುಗನ ಮನೆಯವರು ಕನ್ನಡಕದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಆದರೆ ಮದುವೆಯ ಫೋಟೊಗಳಲ್ಲಿ ದಪ್ಪ ಕನ್ನಡಕ ಚೆನ್ನಾಗಿ ಕಾಣುವುದಿಲ್ಲ ಎಂದು ನಮ್ಮ ಚಿಕ್ಕಮ್ಮಂದಿರು ಹೇಳತೊಡಗಿದ್ದರು, ಅಮ್ಮನಿಗೂ ಅದು ಸರಿಯೆನ್ನಿಸಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲೇಸಿಕ್‌ನ ಮಾತು ಹೀಗೆಯೇ ಹುಟ್ಟುತ್ತದೆ. ಕಣ್ಣಿಗೆ ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಮುಂಚೆ ಲಗ್ನಪತ್ರಿಕೆಯ ತಾರೀಕು ಬಂದು ಕುಳಿತಿರುತ್ತದೆ.

ಆಸ್ಪತ್ರೆಗೆ ಹೋದಾಗ ತಂಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಹೋಗಿದ್ದಳು. ಅಲ್ಲಿಯೇ ಲೆನ್ಸ್ ತೆಗೆಸಿ, ಸ್ವಲ್ಪ ಹೊತ್ತು ಕೂರಿಸಿ, ಕಣ್ಣಿನ ಸ್ಕ್ಯಾನ್ ಮಾಡಿದರು. ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುತ್ತದೆ. ಆದ್ದರಿಂದ ಮೆತ್ತನೆಯ ಲೆನ್ಸ್ ಹಾಕುವವರು ಒಂದೆರಡು ವಾರ, ಗಡಸು ಲೆನ್ಸ್ ಹಾಕುವವರು ಅದಕ್ಕಿಂತ ಹೆಚ್ಚು ಕಾಲ ಅದನ್ನು ಬಿಟ್ಟಿದ್ದ ನಂತರವೇ ಅಳತೆ ತೆಗೆಯಬೇಕು. ಇದನ್ನು ಅಲ್ಲಿ ಯಾರೂ ಹೇಳಲಿಲ್ಲ. ಕಳೆದ ವರ್ಷ ಅವಳ ಪವರ್ ಎಷ್ಟಿತ್ತು ಎಂದು ಕೇಳಲಿಲ್ಲ. ಕೇಳಿದ್ದರೆ ಆ ಒಂದು ವರ್ಷದಲ್ಲಿ 0.75 ಹೆಚ್ಚಾಗಿರುವುದು ಹಳೆಯ ಚೀಟಿಯಿಂದಲೇ ಗೊತ್ತಾಗುತ್ತಿತ್ತು. ಕನಿಷ್ಠ ಒಂದು ವರ್ಷ ಪವರ್ 0.5ಕ್ಕಿಂತ ಹೆಚ್ಚು ಬದಲಾಗದೆ ನಿಂತಿರಬೇಕೆಂಬುದು ಈ ಶಸ್ತ್ರಚಿಕಿತ್ಸೆಯ ಮೊದಲ ಷರತ್ತುಗಳಲ್ಲೊಂದು. ಚಿಕ್ಕಂದಿನಿಂದ ಧೂಳಿನ ಅಲರ್ಜಿಯಿಂದ ಅವಳು ಕಣ್ಣುಜ್ಜಿಕೊಳ್ಳುತ್ತಿದ್ದಳು. ಉಜ್ಜುವ ಅಭ್ಯಾಸಕ್ಕೂ ಕಾರ್ನಿಯಾ ಉಬ್ಬುವ ಕೆರಟೋಕೋನಸ್ ಎಂಬ ಕಾಯಿಲೆಗೂ ಹತ್ತಿರದ ಸಂಬಂಧವಿದೆ. ಅದರ ಬಗ್ಗೆಯೂ ಪ್ರಶ್ನೆ ಬರಲಿಲ್ಲ.

ವೈದ್ಯರು ನೋಡಿದ್ದು ಕೆಲವೇ ನಿಮಿಷ. ಹೆಚ್ಚು ಹೊತ್ತು ಮಾತನಾಡಿದ್ದು ಕೌನ್ಸೆಲರ್. ‘ನೀವು ಫಿಟ್ ಇದ್ದೀರಿ ಮೇಡಂ, ಈ ವಾರ ಕಟ್ಟಿದರೆ ರಿಯಾಯಿತಿ ಇದೆ, ಮದುವೆ ಹೊತ್ತಿಗೆ ಕನ್ನಡಕದ ನೆನಪೂ ಇರುವುದಿಲ್ಲ’ ಎಂದು ಹೇಳಿ, ತಪಾಸಣೆಯಾದ ದಿನವೇ ಶಸ್ತ್ರಚಿಕಿತ್ಸೆಯ ದಿನವನ್ನೂ ಗೊತ್ತುಮಾಡಿ ಮುಂಗಡ ತೆಗೆದುಕೊಂಡರು. ಒಪ್ಪಿಗೆ ಪತ್ರ ಕೈಗೆ ಬಂದದ್ದು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ, ಕಣ್ಣಿಗೆ ಹನಿ ಹಾಕಿ ಕೂರಿಸಿದ ಮೇಲೆ. ಅದು ಇಂಗ್ಲಿಷಿನಲ್ಲಿತ್ತು, ಹಲವು ಪುಟಗಳಿದ್ದವು. ಇಂಗ್ಲಿಷ್ ಬಾರದ ಅಮ್ಮ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಎಕ್ಟೇಸಿಯಾ ಎಂಬ ಪದ ಆ ಪತ್ರದ ನಡುವೆ ಒಂದು ಕಡೆ ಇತ್ತು ಎಂಬುದನ್ನು ನಾವು ಕಂಡದ್ದು ಬಹಳ ತಡವಾಗಿ.

ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು. ಮದುವೆಯೂ ಆಯಿತು. ಕಣ್ಣು ಒಣಗಿದಂತಾಗಿ ಉರಿಯುತ್ತದೆ, ರಾತ್ರಿ ಹೆದ್ದಾರಿಯಲ್ಲಿ ಎದುರು ಬರುವ ಲಾರಿಗಳ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ ಎಂದು ಆಗಲೂ ಹೇಳುತ್ತಿದ್ದಳು. ಇವು ಲೇಸಿಕ್ ನಂತರ ಅನೇಕರಿಗೆ ಆಗುವಂಥವೇ. ಫ್ಲ್ಯಾಪ್, ಅಂದರೆ ಕಾರ್ನಿಯಾದ ಮೇಲಿನ ತೆಳು ಪದರ, ಕತ್ತರಿಸುವಾಗ ಅಲ್ಲಿನ ನರಗಳೂ ತುಂಡಾಗುವುದರಿಂದ ಕಣ್ಣೀರಿನ ವ್ಯವಸ್ಥೆ ಏರುಪೇರಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಹಭಾಗಿಯಾಗಿ ಲೇಸಿಕ್ ಬಗ್ಗೆ ನಡೆಸಿದ ಪ್ರೌಲ್ ಎಂಬ ಅಧ್ಯಯನಗಳಲ್ಲಿ, ಮೊದಲು ಒಣಗಣ್ಣಿನ ತೊಂದರೆಯಿಲ್ಲದಿದ್ದವರ ಪೈಕಿ ಶೇ 30ರವರೆಗೆ ಜನ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ಆ ತೊಂದರೆಯನ್ನು ಹೇಳಿಕೊಂಡಿದ್ದರು. ನೋಟದ ತೊಂದರೆಗಳು ಮೊದಲಿಲ್ಲದಿದ್ದವರ ಪೈಕಿ ಶೇ 46ರವರೆಗೆ ಜನ ಬಳೆ, ಪ್ರಖರತೆ, ಜೋಡಿ ಚಿತ್ರಗಳಂಥ ಒಂದಾದರೂ ಹೊಸ ತೊಂದರೆಯನ್ನು ವರದಿ ಮಾಡಿದ್ದರು. ಅದೇ ಅಧ್ಯಯನಗಳಲ್ಲಿ, ನೋಟದ ತೊಂದರೆಯಿಂದ ದಿನನಿತ್ಯದ ಕೆಲಸಕ್ಕೇ ತೀವ್ರ ಅಡ್ಡಿಯಾದವರು ಶೇ 1ಕ್ಕಿಂತ ಕಡಿಮೆ ಎಂಬುದನ್ನೂ ಹೇಳಲೇಬೇಕು. ಬಹುಪಾಲು ಜನರಿಗೆ ಲೇಸಿಕ್ ಒಳ್ಳೆಯದನ್ನೇ ಮಾಡಿದೆ, ನನ್ನ ಆಕ್ಷೇಪ ಆ ಚಿಕಿತ್ಸೆಯ ಮೇಲಲ್ಲ.

ವರ್ಷ ತುಂಬುವ ಹೊತ್ತಿಗೆ ಬಲಗಣ್ಣಿನ ನೋಟ ಕೆಡತೊಡಗಿತು. ಒಂದು ಅಕ್ಷರದ ಕೆಳಗೆ ಅದರ ನೆರಳು ಇನ್ನೊಂದು ಅಕ್ಷರದಂತೆ ಕಾಣುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಒಣಗಣ್ಣು ಎಂದು ಹೇಳಿ ಹನಿಯ ಹೆಸರನ್ನಷ್ಟೇ ಬದಲಿಸಿ ಕಳಿಸಿದರು. ಮತ್ತೆ ಸ್ಕ್ಯಾನ್ ಮಾಡಲಿಲ್ಲ. ಕೊನೆಗೆ ಬೇರೆ ಕಡೆ ಕಾರ್ನಿಯಾ ತಜ್ಞರೊಬ್ಬರಿಗೆ ತೋರಿಸಿದಾಗ ಅವರು ಅಂದೇ ಟೊಪೋಗ್ರಫಿ, ಅಂದರೆ ಕಾರ್ನಿಯಾದ ಬಾಗನ್ನು ನಕ್ಷೆಯಾಗಿ ತೋರಿಸುವ ಸ್ಕ್ಯಾನ್, ಮಾಡಿಸಿ, ಶಸ್ತ್ರಚಿಕಿತ್ಸೆಗೆ ಮುಂಚಿನ ವರದಿಯನ್ನು ತರುವಂತೆ ಹೇಳಿದರು. ಆ ಹಳೆಯ ವರದಿಯನ್ನು ಲಿಖಿತವಾಗಿ ಕೇಳಿ ಪಡೆದೆವು. ರೋಗಿ ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಡವಳಿಕೆ ನಿಯಮಾವಳಿ ಹೇಳುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ಹಕ್ಕು.

ಆ ವರದಿಯಲ್ಲಿದ್ದ ಅಂಕಿಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಕಾರ್ನಿಯಾದ ಸರಾಸರಿ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಲೇಸಿಕ್‌ನಲ್ಲಿ ಮೇಲಿನ 100ರಿಂದ 120 ಮೈಕ್ರಾನ್‌ನಷ್ಟು ತೆಳು ಪದರವನ್ನು ಫ್ಲ್ಯಾಪ್ ಆಗಿ ಎತ್ತಿ, ಒಳಗಿನ ಅಂಗಾಂಶವನ್ನು ಎಕ್ಸೈಮರ್ ಲೇಸರ್‌ನಿಂದ ಸವೆಸಿ, ಫ್ಲ್ಯಾಪನ್ನು ಮತ್ತೆ ಮುಚ್ಚುತ್ತಾರೆ. ಪವರ್‌ನ ಪ್ರತಿಯೊಂದು ಅಂಕಕ್ಕೆ, ಅಂದರೆ ಒಂದು ಡಯಾಪ್ಟರ್‌ಗೆ, ಸವೆಸುವ ಕ್ಷೇತ್ರದ ಅಗಲಕ್ಕೆ ತಕ್ಕಂತೆ ಸುಮಾರು 12ರಿಂದ 16 ಮೈಕ್ರಾನ್ ಕಳೆದುಹೋಗುತ್ತದೆ. ಮತ್ತೆ ಮುಚ್ಚಿದ ಫ್ಲ್ಯಾಪ್ ಕಣ್ಣಿನ ಒಳಒತ್ತಡವನ್ನು ತಡೆದು ನಿಲ್ಲಲು ಮೊದಲಿನಂತೆ ನೆರವಾಗುವುದಿಲ್ಲ. ಭಾರವೆಲ್ಲ ಕೆಳಗೆ ಉಳಿದ ಪದರದ ಮೇಲೆಯೇ. ಆ ಉಳಿದ ಪದರ 250 ಮೈಕ್ರಾನ್‌ಗಿಂತ ಕಡಿಮೆಯಾಗಬಾರದು ಎಂಬುದು ಬಹುಕಾಲದಿಂದ ಬಂದ ಕನಿಷ್ಠ ಮಿತಿ. ತಂಗಿಯ ಬಲಗಣ್ಣಿನ ಕಾರ್ನಿಯಾ ಮೊದಲೇ ತೆಳು, 498 ಮೈಕ್ರಾನ್. ಫ್ಲ್ಯಾಪ್‌ಗೆ 110, ಲೇಸರ್‌ಗೆ 100 ಹೋಗಿ ಉಳಿದದ್ದು 288. 250ಕ್ಕಿಂತ ಹೆಚ್ಚಿದೆ, ಆದ್ದರಿಂದ ‘ಫಿಟ್’.

ಆದರೆ 250 ಎಂಬ ಒಂದೇ ಅಂಕಿಯಿಂದ ತೀರ್ಮಾನಿಸುವ ಕಾಲ ಮುಗಿದು ಎಷ್ಟೋ ವರ್ಷಗಳಾಗಿವೆ. ಫ್ಲ್ಯಾಪ್ ಮತ್ತು ಸವೆತ ಎರಡೂ ಸೇರಿ ಒಟ್ಟು ದಪ್ಪದ ಶೇ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಏರುತ್ತದೆ ಎಂಬುದನ್ನು ಈಗ ತಜ್ಞರು ಗಮನಿಸುತ್ತಾರೆ. ಅವಳ ಲೆಕ್ಕ ಶೇ 42 ದಾಟಿತ್ತು. ವಯಸ್ಸು ಚಿಕ್ಕದಾದಷ್ಟೂ, ಪವರ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದದ್ದು ಕಾರ್ನಿಯಾದ ನಕ್ಷೆ. ಎಡಗಣ್ಣಿನ ನಕ್ಷೆ ಮೇಲೂ ಕೆಳಗೂ ಸಮವಾಗಿತ್ತು. ಬಲಗಣ್ಣಿನ ಕೆಳಭಾಗದಲ್ಲಿ ಬಣ್ಣ ಕಿತ್ತಳೆಗೆ ತಿರುಗಿತ್ತು, ಅಂದರೆ ಅಲ್ಲಿ ಬಾಗು ಹೆಚ್ಚಾಗಿತ್ತು. ಅದು ಇನ್ನೂ ಹೊರಗೆ ಕಾಣಿಸಿಕೊಳ್ಳದ ಕೆರಟೋಕೋನಸ್‌ನ ಗುರುತಾಗಿರಬಹುದು, ಲೆನ್ಸ್‌ನಿಂದಾದ ತಾತ್ಕಾಲಿಕ ಬದಲಾವಣೆಯೂ ಆಗಿರಬಹುದು. ಯಾವುದೆಂದು ತಿಳಿಯಲು ಲೆನ್ಸ್ ಬಿಡಿಸಿ, ಕೆಲವು ವಾರಗಳ ನಂತರ ಸ್ಕ್ಯಾನನ್ನು ಮರಳಿ ಮಾಡಿದ್ದರೆ ಸಾಕಿತ್ತು. ಹಾಗೆ ಕಾಯಿಸಿದ್ದರೆ ಮದುವೆಯ ತಾರೀಕು ದಾಟುತ್ತಿತ್ತು, ಆಸ್ಪತ್ರೆಗೆ ಒಂದು ಶಸ್ತ್ರಚಿಕಿತ್ಸೆ ಕೈತಪ್ಪುತ್ತಿತ್ತು. ನನಗೆ ಇಂದಿಗೂ ಸಿಟ್ಟು ತರಿಸುವುದು ಇದೇ.

ಆದ್ದರಿಂದ ತಪಾಸಣೆ ಮುಗಿದ ದಿನವೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ ಹಣ ಕೇಳುವ ಜಾಗದಿಂದ ಎದ್ದು ಬನ್ನಿ. ವರದಿಯ ಪ್ರತಿಯನ್ನು ಮೊದಲು ಕೈಗೆ ತೆಗೆದುಕೊಳ್ಳಿ. ಕಾರ್ನಿಯಾದ ದಪ್ಪವೆಷ್ಟು, ಎಷ್ಟು ಸವೆಸುತ್ತೀರಿ, ಎಷ್ಟು ಉಳಿಯುತ್ತದೆ, ನಕ್ಷೆ ಎರಡೂ ಕಣ್ಣುಗಳಲ್ಲಿ ಸಮವಾಗಿದೆಯೇ ಎಂದು ಕೌನ್ಸೆಲರ್‌ರನ್ನಲ್ಲ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನೇ ಕೇಳಿ. ಅದೇ ವರದಿಯನ್ನು ಆ ಆಸ್ಪತ್ರೆಗೆ ಸಂಬಂಧವಿಲ್ಲದ ಇನ್ನೊಬ್ಬ ಕಾರ್ನಿಯಾ ತಜ್ಞರಿಗೆ ತೋರಿಸಿ. ಒಪ್ಪಿಗೆ ಪತ್ರವನ್ನು ಮೊದಲೇ ಮನೆಗೆ ತಂದು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಯಾರಿಂದಲಾದರೂ ಓದಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ, ಕಣ್ಣುಜ್ಜುವ ಅಭ್ಯಾಸವಿದ್ದರೆ, ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಸಂಧಿವಾತದಂತಹ ಕಾಯಿಲೆಯಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದರೆ, ಅವರು ಕೇಳದಿದ್ದರೂ ನೀವಾಗಿ ಹೇಳಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್‌ನಂತಹ ಹುದ್ದೆಗೆ ಅರ್ಜಿ ಹಾಕುವವರು ಲೇಸಿಕ್ ಮಾಡಿಸಿಕೊಂಡರೆ ಅನರ್ಹರಾಗುತ್ತಾರೆ ಎಂಬುದೂ ನೆನಪಿರಲಿ.

ಲೇಸಿಕ್ ಬೇಡವೆಂದಾದರೆ ಸ್ಮೈಲ್ ಎಂಬ ಇನ್ನೊಂದು ಬಗೆಯ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿ, ಅದರಲ್ಲಿ ಫ್ಲ್ಯಾಪ್ ಇಲ್ಲ, ಅಪಾಯವೂ ಇಲ್ಲ ಎಂದು ಹೇಳುವವರಿದ್ದಾರೆ. ಸ್ಮೈಲ್‌ನಲ್ಲಿಯೂ ಕಾರ್ನಿಯಾದ ಅಂಗಾಂಶವನ್ನು ತೆಗೆಯುತ್ತಾರೆ, ಅದರ ನಂತರವೂ ಎಕ್ಟೇಸಿಯಾ ಆದದ್ದಿದೆ. ತೆಳು ಕಾರ್ನಿಯಾ ಮತ್ತು ಹೆಚ್ಚು ಪವರ್ ಇರುವವರಿಗೆ ಕಣ್ಣಿನೊಳಗೆ ಕೂರಿಸುವ ಐಸಿಎಲ್ ಎಂಬ ಲೆನ್ಸ್ ಕೆಲವೊಮ್ಮೆ ಹೊಂದುತ್ತದೆ. ಅದಕ್ಕೂ ಕಣ್ಣಿನೊಳಗೆ ಸಾಕಷ್ಟು ಜಾಗವಿರಬೇಕು, ನಂತರ ನಿಯಮಿತವಾಗಿ ತೋರಿಸಿಕೊಳ್ಳುತ್ತಿರಬೇಕು. ಕನ್ನಡಕವನ್ನೇ ಉಳಿಸಿಕೊಳ್ಳುವುದೂ ಪೂರ್ಣ ಮರ್ಯಾದೆಯ ಆಯ್ಕೆ. ಯಾವ ಲೇಸರ್ ಮಾಡಿಸಿಕೊಂಡರೂ ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕಾಗುವುದು ಸಾಮಾನ್ಯ.

ಈಗಾಗಲೇ ಮಾಡಿಸಿಕೊಂಡಿರುವವರು ಶಸ್ತ್ರಚಿಕಿತ್ಸೆಗೆ ಮುಂಚಿನ ವರದಿಯನ್ನು ತರಿಸಿಕೊಂಡು ಜೋಪಾನವಾಗಿಡಿ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಒಳಗೆ ಹಾಕುವ ಲೆನ್ಸ್‌ನ ಪವರ್ ಲೆಕ್ಕಹಾಕಲು ಅದು ನೆರವಾಗುತ್ತದೆ. ಕಾರ್ನಿಯಾ ತೆಳುವಾದವರಲ್ಲಿ ಕಣ್ಣಿನ ಒತ್ತಡದ ಅಳತೆ ನಿಜಕ್ಕಿಂತ ಕಡಿಮೆ ಬರುವುದರಿಂದ, ಗ್ಲಾಕೋಮಾ ಪರೀಕ್ಷಿಸುವ ವೈದ್ಯರಿಗೂ ಲೇಸಿಕ್ ಆಗಿದೆಯೆಂದು ಹೇಳಬೇಕು. ಒಂದು ಕಣ್ಣಿನ ಪವರ್ ಮತ್ತೆ ಏರುತ್ತಿದ್ದರೆ, ಅಕ್ಷರಗಳು ನೆರಳಿನೊಂದಿಗೆ ಜೋಡಿಯಾಗಿ ಕಾಣತೊಡಗಿದರೆ, ಹನಿ ಬರೆಸಿಕೊಂಡು ಸುಮ್ಮನಾಗದೆ ಟೊಪೋಗ್ರಫಿ ಮಾಡಿ ಎಂದು ಹೆಸರು ಹೇಳಿ ಕೇಳಿ. ಎಕ್ಟೇಸಿಯಾವನ್ನು ನಿಲ್ಲಿಸಲು ರೈಬೋಫ್ಲೇವಿನ್ ಹನಿ ಮತ್ತು ನೇರಳಾತೀತ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಸಿ3ಆರ್ ಎಂಬ ಚಿಕಿತ್ಸೆಯಿದೆ, ಆದರೆ ಅದು ಬಹುಮಟ್ಟಿಗೆ ಆಗಿರುವ ಹಾನಿಯನ್ನು ಅಲ್ಲಿಗೆ ನಿಲ್ಲಿಸುತ್ತದೆಯೇ ಹೊರತು ಹೋದ ನೋಟವನ್ನು ಪೂರ್ತಿ ಮರಳಿಸುವುದಿಲ್ಲ. ತಂಗಿಗೆ ಅದನ್ನು ಮಾಡಿದ್ದಾರೆ, ಉಬ್ಬು ಸದ್ಯಕ್ಕೆ ನಿಂತಿದೆ. ಬಲಗಣ್ಣಿಗೆ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಎಂಬ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೆಲಸ ಮಾಡುತ್ತಾಳೆ, ರಾತ್ರಿ ಕಾರು ಓಡಿಸುವುದನ್ನು ಬಿಟ್ಟಿದ್ದಾಳೆ.